ಬಚ್ಚಲ ತೊಟ್ಟಿ ಒಡೆಯಬೇಡಿ, ಮೈ ಹೊಸದು ಮಾಡಿ

ನೀರು ತುಂಬುವ ಹಬ್ಬಕ್ಕೆ ಇನ್ನೂ ಒಂದು ತಿಂಗಳಿದೆ ಎನ್ನುವಾಗಲೇ ಬಚ್ಚಲು ಮನೆಯ ಕೆಲಸಕ್ಕೆ ಕೈ ಹಾಕಬೇಕು. ಹಬ್ಬದ ಹಿಂದಿನ ವಾರ ನೆನಪಾದರೆ ಹಂಡೆ ಬೆಳಗಬಹುದು, ಗೋಡೆಗೆ ಸುಣ್ಣ ಬಳಿಯಬಹುದು, ಅಂಚಿಗೆ ಕೆಮ್ಮಣ್ಣು ಎಳೆಯಬಹುದು. ತೊಟ್ಟಿಗೆ ಮಾತ್ರ ಅಷ್ಟು ದಿನ ಸಾಲದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಎಷ್ಟೋ ವರ್ಷದ ಹಿಂದೆ ಕಟ್ಟಿಸಿದ ತೊಟ್ಟಿಯೊಳಗೆ ಇಣುಕಿ ನೋಡಿ. ನೀರು ನಿಲ್ಲುವ ಮಟ್ಟದಲ್ಲಿ ದಪ್ಪನೆಯ ಬಿಳಿ ಪಟ್ಟಿ, ಅದರ ಕೆಳಗೆ ಮರಳೆದ್ದ ಒರಟು ಗೋಡೆ, ಮೂಲೆಯಲ್ಲಿ ಪಾಚಿ, ತಳದಲ್ಲಿ ಕೂದಲೆಳೆಯಂಥ ಬಿರುಕು. ಕೈ ಹಾಕಿದರೆ ತರಚುತ್ತದೆ. 'ಒಡೆದು ಹಾಕಿ ಒಂದು ಪ್ಲಾಸ್ಟಿಕ್ ಡ್ರಮ್ ಇಟ್ಟರಾಯಿತು' ಎಂಬ ಮಾತು ಮನೆಯಲ್ಲಿ ಹುಟ್ಟುವುದು ಆಗಲೇ.

ಒಡೆಯಬೇಡಿ. ಇಂಥ ತೊಟ್ಟಿಗಳಲ್ಲಿ ಹೆಚ್ಚಿನವುಗಳ ಗೋಡೆ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಮೇಲಿನ ಅರ್ಧ ಅಂಗುಲದ ಗಾರೆ ಮಾತ್ರ. ಅದನ್ನು ಕೆಡಿಸಿದ್ದು ವಯಸ್ಸಲ್ಲ. ನಮ್ಮ ಕೊಳವೆ ಬಾವಿಯ ನೀರು ಮೊದಲು ಕೆಡಿಸಿತು. ಆ ನೀರಿನ ಕಲೆ ತೆಗೆಯಲು ನಾವು ಸುರಿದ ಆಸಿಡ್ ಉಳಿದದ್ದನ್ನು ತಿಂದಿತು. ಇವೆರಡನ್ನು ಅರ್ಥ ಮಾಡಿಕೊಳ್ಳದೆ ಎಷ್ಟು ಸಲ ಗಾರೆ ಮಾಡಿಸಿದರೂ ಕೆಲವೇ ವರ್ಷಗಳಲ್ಲಿ ತೊಟ್ಟಿ ಮತ್ತೆ ಅದೇ ಸ್ಥಿತಿಗೆ ಬರುತ್ತದೆ.

ಮೊದಲು ನೀರಿನ ವಿಚಾರ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದವರಿಗೆ ಈ ಸೀಮೆಯ ನೆಲದಡಿ ಏನಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಹೊಲಗಳ ಕೆಳಗೂ ಅದೇ ಬಗೆಯ ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಕೊಳವೆ ಬಾವಿ ಆಳಕ್ಕೆ ಹೋದಷ್ಟೂ ನೀರು ಸಾಮಾನ್ಯವಾಗಿ ಗಡಸು. ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಕೊಡದ ಒಳಗೆ ಬಿಳಿ ಪೊರೆ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ಮೂರಡಿ ಉದ್ದ, ಎರಡಡಿ ಅಗಲ, ಎರಡಡಿ ಆಳದ ತೊಟ್ಟಿ ಹಿಡಿಯುವುದು ಸುಮಾರು 340 ಲೀಟರ್. 600ರ ಮಟ್ಟದ ನೀರು ತುಂಬಿಸಿದರೆ ಒಂದೊಂದು ಸಲಕ್ಕೂ ಸುಮಾರು 200 ಗ್ರಾಂ ಸುಣ್ಣಕ್ಕೆ ಸಮನಾದ ಲವಣ ತೊಟ್ಟಿಯೊಳಕ್ಕೆ ಬಂದಂತೆ. ಅದೆಲ್ಲ ಗೋಡೆಗೆ ಹತ್ತುವುದಿಲ್ಲ, ಆದರೆ ಹತ್ತಿದ ಅಷ್ಟಿಷ್ಟು ವರ್ಷವಿಡೀ ಕೂಡುತ್ತ ಹೋಗುತ್ತದೆ.

ಬಿಸಿ ನೀರಿನ ತೊಟ್ಟಿಗೂ ಹಂಡೆಗೂ ಪೊರೆ ಬೇಗ ಕಟ್ಟುವುದಕ್ಕೆ ಕಾರಣವಿದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಮೈಗೆ ಅಂಟಿಕೊಳ್ಳುತ್ತದೆ. ಈ ಪೊರೆ ಶಾಖವನ್ನು ಸರಿಯಾಗಿ ದಾಟಿಸುವುದಿಲ್ಲ. ಹಂಡೆಯ ಒಳಗೆ ಪೊರೆ ದಪ್ಪವಾದಷ್ಟೂ ಒಲೆಗೆ ಸೌದೆ ಹೆಚ್ಚು ಬೇಕು. ಗೀಸರಿನ ಕಾಯಿಲ್ ಸುಟ್ಟುಹೋಗುವುದಕ್ಕೂ ಇದೇ ಮೂಲ.

ಪಾವಗಡದ ಓದುಗರಿಗೆ ಫ್ಲೋರೈಡಿನ ಚಿಂತೆ ಇದ್ದೇ ಇರುತ್ತದೆ. ಸ್ನಾನದ ನೀರಿನ ಮಟ್ಟಿಗೆ ಆ ಭಯ ಬೇಡ. ಚರ್ಮದ ಮೂಲಕ ಅದು ದೇಹ ಸೇರುವುದು ಲೆಕ್ಕಕ್ಕೆ ಬರುವಷ್ಟಿಲ್ಲ. ಆದರೆ ಬಚ್ಚಲ ತೊಟ್ಟಿಯ ನೀರನ್ನೇ ಕಾಯಿಸಿ ಕುಡಿಯುವ ರೂಢಿ ಇದ್ದರೆ ಬಿಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.

ತೊಟ್ಟಿಗೆ ಏನಾಗಿದೆ ಎಂದು ತಿಳಿಯುವುದು

ಒಂದು ನಿಂಬೆಹಣ್ಣು ಹೋಳು ಮಾಡಿ ಬಿಳಿ ಪಟ್ಟಿಯ ಮೇಲೆ ನಾಲ್ಕು ಹನಿ ಹಿಂಡಿ, ಕಣ್ಣು ಹತ್ತಿರ ತಂದು ನೋಡಿ. ಸಣ್ಣ ಗುಳ್ಳೆಗಳು ಎದ್ದರೆ ಅದು ಕಾರ್ಬೊನೇಟ್ ಪೊರೆ, ಹುಳಿಗೆ ಕರಗುತ್ತದೆ. ಗುಳ್ಳೆ ಏಳದೆ ಉಗುರಿಗೆ ಜಿಡ್ಡು ಹತ್ತಿದರೆ ಅದು ಸೋಪಿನ ಗಸಿ. ಅದಕ್ಕೆ ಹುಳಿ ಬೇಡ, ಬಿಸಿ ನೀರು ಮತ್ತು ವಾಷಿಂಗ್ ಸೋಡಾ ಸಾಕು. ನಲ್ಲಿಯ ಕೆಳಗೆ ಕೆಂಪು ಕಂದು ಗೆರೆ ಇದ್ದರೆ ಕಬ್ಬಿಣದ್ದು. ಹಸಿರು ನೀಲಿ ಇದ್ದರೆ ಹಿತ್ತಾಳೆ ನಲ್ಲಿಯ ಕಿಲುಬು.

ಇಲ್ಲೊಂದು ಎಚ್ಚರಿಕೆ. ಪಾವಗಡ, ಮಧುಗಿರಿ ಕಡೆಯ ಎಷ್ಟೋ ಬಚ್ಚಲುಗಳಲ್ಲಿ ತೊಟ್ಟಿ ಇರುವುದು ಪಕ್ಕದ ಆಂಧ್ರದಿಂದ ಬಂದ ಕಡಪ ಕಲ್ಲಿನದು. ಕಡಪ ಕಲ್ಲೆಂದರೆ ಸುಣ್ಣದ ಕಲ್ಲು. ಅದರ ಮೇಲೆ ಹುಳಿ ಬಿದ್ದರೆ ಪೊರೆಯ ಜೊತೆಗೆ ಕಲ್ಲೂ ಕರಗುತ್ತದೆ, ಹೊಳಪು ಹೋಗಿ ಬೂದು ಕಲೆ ಉಳಿಯುತ್ತದೆ. ಗ್ರಾನೈಟ್ ಚಪ್ಪಡಿಗೆ ಈ ತೊಂದರೆ ಇಲ್ಲ. ತೊಟ್ಟಿ ಯಾವ ಕಲ್ಲಿನದು ಎಂದು ಖಚಿತವಿಲ್ಲದಿದ್ದರೆ ಹೊರಗಿನ ಮೂಲೆಯೊಂದನ್ನು ಉಜ್ಜಿ ಹೊಸ ಮೈ ಕಾಣುವಂತೆ ಮಾಡಿ, ಅಲ್ಲಿ ನಿಂಬೆರಸ ಹಾಕಿ ನೋಡಿ.

ಸೋರಿಕೆ ಪತ್ತೆಗೆ ತೊಟ್ಟಿಯನ್ನು ರಾತ್ರಿ ತುಂಬಿಸಿ, ನೀರಿನ ಮಟ್ಟಕ್ಕೆ ಸೀಸದ ಕಡ್ಡಿಯಲ್ಲಿ ಗೆರೆ ಹಾಕಿ. ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು ಅದಕ್ಕೂ ಗೆರೆ ಹಾಕಿ. 24 ಗಂಟೆ ಯಾರೂ ನೀರು ಮುಟ್ಟಬಾರದು. ಬಕೆಟ್ಟಿನಲ್ಲಿ ಇಳಿದದ್ದು ಗಾಳಿಗೆ ಆರಿದ ನೀರು. ತೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಅಷ್ಟು ನೀರು ಗೋಡೆಗೋ ತಳಪಾಯಕ್ಕೋ ಹೋಗುತ್ತಿದೆ. ಮರುದಿನ ಖಾಲಿ ಮಾಡಿ ನಾಣ್ಯದಿಂದ ಗೋಡೆ ತಟ್ಟುತ್ತ ಬನ್ನಿ. ಠಣ್ ಎಂದರೆ ಗಾರೆ ಹಿಡಿದಿದೆ, ಡಬ್ ಎಂದರೆ ಒಳಗೆ ಬಿಟ್ಟಿದೆ. ಬಿಟ್ಟ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ.

ತುಕ್ಕು ಹಿಡಿದ ಕಂಬಿ ಹೊರಗೆ ಕಾಣುತ್ತಿದ್ದರೆ, ಗೋಡೆಯೇ ಪಕ್ಕಕ್ಕೆ ವಾಲಿದ್ದರೆ, ಬೆರಳು ಹೋಗುವಷ್ಟು ಬಿರುಕಿದ್ದರೆ ಮೈ ಹೊಸದು ಮಾಡುವ ಮಾತು ಬೇಡ. ಅಂಥದ್ದನ್ನು ಒಡೆಯುವುದೇ ಸರಿ.

ಪೊರೆ ತೆಗೆಯುವುದಕ್ಕೆ ಹುಣಸೆಹಣ್ಣು, ನಿಂಬೆ ಉಪ್ಪು

ಅಂಗಡಿಯಲ್ಲಿ ಬಾಟಲಿಗೆ ತುಂಬಿ ಮಾರುವ ಆಸಿಡ್ ಹೈಡ್ರೋಕ್ಲೋರಿಕ್ ಆಮ್ಲ. ಸುರಿದ ಕೂಡಲೇ ಬುಸ್ಸೆಂದು ನೊರೆ ಬರುತ್ತದೆ, ಕಲೆ ಹೋಗುತ್ತದೆ, ನೋಡಿದವರಿಗೆ ಖುಷಿಯಾಗುತ್ತದೆ. ಆ ನೊರೆಯಲ್ಲಿ ಪೊರೆಯ ಜೊತೆ ಸಿಮೆಂಟೂ ಇರುತ್ತದೆ. ಸಿಮೆಂಟಿನ ಮುಖ್ಯ ಅಂಶವೇ ಸುಣ್ಣ. ಅದು ಕರಗಿ ಹೋದ ಮೇಲೆ ಮರಳು ಹೊರಗೆ ಕಾಣುತ್ತದೆ. ಒರಟಾದ ಆ ಮೈಗೆ ಮುಂದಿನ ಪೊರೆ ಮೊದಲಿಗಿಂತ ಬೇಗ ಹತ್ತುತ್ತದೆ. ಮತ್ತೆ ಆಸಿಡ್, ಮತ್ತೆ ಒರಟು. ಗೃಹಿಣಿಯರ ಕೈ, ಕಣ್ಣು, ಉಸಿರಿಗೆ ಆಗುವ ಹಾನಿ ಬೇರೆ. ಇನ್ನೊಂದು ಮಾತು ಎಲ್ಲರ ಮನೆಯಲ್ಲೂ ತಿಳಿದಿರಬೇಕು: ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಎಂದೂ ಸೇರಿಸಬಾರದು. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ನಮ್ಮ ಪುಟ್ಟ ಬಚ್ಚಲುಗಳಲ್ಲಿ ಅದು ಜೀವಕ್ಕೇ ಅಪಾಯ.

ಹುಣಸೆಹಣ್ಣಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ಪೊರೆಯನ್ನು ನಿಧಾನವಾಗಿ ಸಡಿಲಿಸುತ್ತದೆ. ಅಡುಗೆಗೆ ಬಾರದ ಹಳೆಯ ಕಪ್ಪು ಹುಣಸೆಹಣ್ಣನ್ನು ರಾತ್ರಿ ನೆನೆಹಾಕಿ, ಗಟ್ಟಿ ರಸ ಹಿಂಡಿ, ನಾರಿನ ಸಮೇತ ಪೊರೆಯ ಮೇಲೆ ಮೆತ್ತಿದರೆ ಹಂಡೆಗೂ ಆಗುತ್ತದೆ, ತೊಟ್ಟಿಗೂ ಆಗುತ್ತದೆ. ಬೇಗ ಆಗಬೇಕೆಂದರೆ ದಿನಸಿ ಅಂಗಡಿಯ ನಿಂಬೆ ಉಪ್ಪು ತನ್ನಿ. ಒಂದು ಲೀಟರ್ ಬಿಸಿ ನೀರಿಗೆ 50 ಗ್ರಾಂ ಹಾಕಿ ಕರಗಿಸಿ. ಸಿಮೆಂಟ್ ಗೋಡೆಯನ್ನು ಮೊದಲು ಬರಿ ನೀರಿನಲ್ಲಿ ಚೆನ್ನಾಗಿ ನೆನೆಸಬೇಕು, ಆಗ ಹುಳಿ ಒಳಕ್ಕೆ ಇಳಿಯದೆ ಮೇಲಿನ ಪೊರೆಯ ಮೇಲಷ್ಟೇ ಕೆಲಸ ಮಾಡುತ್ತದೆ. ಹಳೆಯ ಹತ್ತಿ ಬಟ್ಟೆಯ ಪಟ್ಟಿಗಳನ್ನು ದ್ರಾವಣದಲ್ಲಿ ಅದ್ದಿ ಬಿಳಿ ಗೆರೆಯ ಮೇಲೆ ಅಂಟಿಸಿ ಅರ್ಧ ಗಂಟೆ ಬಿಡಿ. ಆಮೇಲೆ ತೆಂಗಿನ ನಾರಿನಿಂದ ಉಜ್ಜಿ. ದಪ್ಪ ಪೊರೆಗೆ ಎರಡು ಮೂರು ಸುತ್ತು ಬೇಕಾಗುತ್ತದೆ. ಕೊನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಮತ್ತೆ ಎರಡು ಸಲ ಬರಿ ನೀರು ಹಾಕಿ. ಹುಳಿಯ ಅಂಶ ಉಳಿದರೆ ಮುಂದೆ ಹಾಕುವ ಗಾರೆ ಹಿಡಿಯುವುದಿಲ್ಲ. ಸಿಮೆಂಟನ್ನು ನಿಂಬೆ ಉಪ್ಪೂ ಸ್ವಲ್ಪ ತಿನ್ನುತ್ತದೆ, ಆದ್ದರಿಂದ ರಾತ್ರಿಯಿಡೀ ಬಿಡುವುದು ಬೇಡ. ಕಡಪ ಕಲ್ಲಿನ ತೊಟ್ಟಿಯಾದರೆ ಹುಳಿಯೇ ಬೇಡ. ಮರದ ತುಂಡಿನಿಂದಲೋ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದಲೋ ತಾಳ್ಮೆಯಿಂದ ಕೆರೆದು ತೆಗೆಯಿರಿ.

ತೊಟ್ಟಿಯ ಮೈ ಗಟ್ಟಿಯಾಗಿದ್ದು ಪೊರೆಯಷ್ಟೇ ತೊಂದರೆಯಾಗಿದ್ದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು. ಹೊಸ ಗಾರೆಯ ಖರ್ಚು ಬೇಡ.

ಗಾರೆಯ ಕೆಲಸ

ಸಿಮೆಂಟ್ ಬರುವುದಕ್ಕೆ ಮುಂಚಿನ ಮನೆಗಳಲ್ಲಿ ತೊಟ್ಟಿಯ ಒಳಮೈ ಸುಣ್ಣದ ಗಾರೆಯದು. ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಮಾಡಿದ ಈ ಗಾರೆ ನೂರು ವರ್ಷ ನೀರಿನಲ್ಲಿ ನಿಂತರೂ ಬಾಳುತ್ತದೆ. ಶಿರಾದಲ್ಲಿ 17ನೇ ಶತಮಾನದ ಮಲಿಕ್ ರಿಹಾನ್ ದರ್ಗಾದಂಥ ಕಟ್ಟಡಗಳನ್ನು ನೋಡಿದವರಿಗೆ ಹಳೆಯ ಕೆಲಸಗಾರರ ಕೈ ಎಂಥದೆಂದು ಗೊತ್ತು. ಇಂಥ ತೊಟ್ಟಿ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಅದರ ಮೇಲೆ ಗಟ್ಟಿ ಸಿಮೆಂಟ್ ಬಳಿಸಬೇಡಿ. ಸುಣ್ಣದ ಗಾರೆ ಮೆದು, ಬಿಸಿಲಿಗೆ ತಂಪಿಗೆ ತುಸು ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ಸ್ವಲ್ಪ ಕಾಲಕ್ಕೆ ಸಿಮೆಂಟಿನ ಹಪ್ಪಳ ಹಳೆಯ ಗಾರೆಯನ್ನೂ ಕಿತ್ತುಕೊಂಡು ಏಳುತ್ತದೆ. ಬಿರುಕಿಗೆ ಸುಣ್ಣ ಮತ್ತು ಜರಡಿ ಹಿಡಿದ ಇಟ್ಟಿಗೆ ಪುಡಿಯನ್ನೇ ಕಲಸಿ ತುಂಬಿ, ಕೆಲವು ದಿನ ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಆರಲು ಬಿಡಿ.

ಸಿಮೆಂಟ್ ತೊಟ್ಟಿಗೆ ಕ್ರಮ ಬೇರೆ. ಸೀಮೆಸುಣ್ಣದ ಸುತ್ತು ಹಾಕಿದ ಕಡೆಯ ಬಿಟ್ಟ ಗಾರೆಯನ್ನೆಲ್ಲ ಉಳಿಯಿಂದ ಕೆತ್ತಿ ತೆಗೆಯಿರಿ. ಗಟ್ಟಿ ಇರುವ ಕಡೆಯೂ ಹೊಸ ಗಾರೆ ಕಚ್ಚಿಕೊಳ್ಳುವಂತೆ ಅಂಗುಲಕ್ಕೊಂದು ಕಚ್ಚು ಹೊಡೆಯಬೇಕು. ಕೆತ್ತುವಾಗ ನೀರು ಚಿಮುಕಿಸುತ್ತಿರಿ, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಿರುಕುಗಳನ್ನು ಕಿರಿದಾಗಿ ಬಿಡದೆ ಬಾಯಿ ಅಗಲಿಸಿ, ಪಾಲಿಮರ್ ಬೆರೆತ ಗಾರೆ ತುಂಬಿ. ಹಳೆಯ ತೊಟ್ಟಿಗಳಲ್ಲಿ ನೀರು ಬಿಡುವ ತೂಬು ಇರುವುದೇ ಅಪರೂಪ. ಈಗಲೇ ತಳದ ಒಂದು ಮೂಲೆಗೆ ಪಿವಿಸಿ ಪೈಪು ಕೂರಿಸಿ ಹೊರಗೆ ಮುಚ್ಚಳ ಹಾಕಿಸಿಕೊಳ್ಳಿ, ಆ ಮೂಲೆಗೆ ತಳದ ಇಳಿಜಾರು ಬರಲಿ. ಇದೊಂದು ಮಾಡಿಸಿದರೆ ತೊಟ್ಟಿ ತೊಳೆಯುವ ಕಷ್ಟ ಅರ್ಧ ಕಡಿಮೆಯಾಗುತ್ತದೆ.

ಮೇಲೆ ಹೇಳಿದ ಅಳತೆಯ ತೊಟ್ಟಿಯ ಒಳಮೈ 26 ಚದರಡಿ. ಅರ್ಧ ಅಂಗುಲ ದಪ್ಪದ ಗಾರೆಗೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಲೆಕ್ಕದಲ್ಲಿ 14-15 ಕೆ.ಜಿ. ಸಿಮೆಂಟ್, ಒಂದು ಘನ ಅಡಿ ಮರಳು ಸಾಕು. ಎಂ-ಸ್ಯಾಂಡ್ ಆದರೆ ಗಾರೆ ಕೆಲಸಕ್ಕೆಂದೇ ಬರುವ ಸಣ್ಣದನ್ನು ಕೇಳಿ ತನ್ನಿ, ಕಾಂಕ್ರೀಟಿನದು ಬೇಡ. ನೀರು ತಡೆಯುವ ವಾಟರ್‌ಪ್ರೂಫ್ ದ್ರವವನ್ನು ಡಬ್ಬಿಯ ಮೇಲೆ ಬರೆದಷ್ಟೇ ಹಾಕಿ. ಕಲಸುವ ನೀರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಉಪ್ಪು ನೀರಿನಲ್ಲಿ ಕಲಸಿದ ಗಾರೆಯ ಮೇಲೆ ಆಮೇಲೆ ಬಿಳಿ ಹುಡಿ ಏಳುತ್ತದೆ. ಕುಡಿಯಲು ಆಗುವ ನೀರು ಸಿಮೆಂಟಿಗೂ ಆಗುತ್ತದೆ. ಇಷ್ಟು ಗಾರೆಗೆ ಬೇಕಾದದ್ದು ಏಳೆಂಟು ಲೀಟರ್. ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಮುಗಿಯಿತು.

ಹಿಂದಿನ ರಾತ್ರಿ ಗೋಡೆಯನ್ನು ನೆನೆಸಿಡಿ. ಬೆಳಿಗ್ಗೆ ಹನಿ ನಿಲ್ಲದಂತೆ ಒರೆಸಿ, ಸಿಮೆಂಟಿಗೆ ಎಸ್‌ಬಿಆರ್ ಲೇಟೆಕ್ಸ್ ಬೆರೆಸಿದ ತೆಳು ಹಾಲನ್ನು ಬ್ರಷ್ಷಿನಲ್ಲಿ ಬಳಿಯಿರಿ. ಅದು ಅಂಟಂಟಾಗಿರುವಾಗಲೇ ಗಾರೆ ಬೀಳಬೇಕು. ಹಾಲು ಒಣಗಿದ ಮೇಲೆ ಗಾರೆ ಹಾಕಿದರೆ ಬಳಿಯದಿದ್ದುದಕ್ಕಿಂತ ಕೆಡುಕು. ಒಂದು ಸಲಕ್ಕೆ ಅರ್ಧ ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ ಕಲಸಿ. ಗಟ್ಟಿಯಾಗುತ್ತಿದೆ ಎಂದು ಮತ್ತೆ ನೀರು ಹಾಕಿ ಕಲಸುವ ಅಭ್ಯಾಸದಿಂದಲೇ ಎಷ್ಟೋ ತೊಟ್ಟಿಗಳು ಕೆಟ್ಟಿವೆ. ಒಳಮೂಲೆಗಳನ್ನು ಚೂಪಾಗಿ ಬಿಡದೆ ಗಾಜಿನ ಬಾಟಲಿಯ ಬೆನ್ನಿನಿಂದ ಎಳೆದು ದುಂಡಗೆ ಮಾಡಿಸಿ. ಗಸಿ ಕೂರುವುದೂ ಪಾಚಿ ಹುಟ್ಟುವುದೂ ಚೂಪು ಮೂಲೆಯಲ್ಲಿ. ಕೊನೆಗೆ ಕರಣೆಯಿಂದ ನುಣ್ಣಗೆ ಉಜ್ಜಿ. ಕೆಂಪು ಬಣ್ಣದ ತೊಟ್ಟಿ ಬೇಕೆನ್ನುವವರು ಮೇಲಿನ ಸಿಮೆಂಟಿಗೆ ರೆಡ್ ಆಕ್ಸೈಡ್ ಸೇರಿಸಬಹುದು, ಅದು ಸಿಮೆಂಟಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು. ಹೆಚ್ಚಾದರೆ ಗಾರೆಯ ಶಕ್ತಿ ಕುಂದುತ್ತದೆ.

ಒಂದು ದಿನ ಕಳೆದ ಮೇಲೆ ತೊಟ್ಟಿಗೆ ನೀರು ತುಂಬಿಸಿ ಏಳು ದಿನ ಬಿಟ್ಟುಬಿಡಿ. ಇದಕ್ಕಿಂತ ಸುಲಭವಾದ ಕ್ಯೂರಿಂಗ್ ಇಲ್ಲ. ಮಾರ್ಚ್‌ನಿಂದ ಮೇ ತನಕ ಪಾವಗಡದ ಬಿಸಿಲಿನಲ್ಲಿ ಈ ಕೆಲಸ ಬೇಡ. ಗಾರೆ ಗಟ್ಟಿಯಾಗುವ ಮೊದಲೇ ಒಣಗಿ ಬಲೆಬಲೆಯಾಗಿ ಬಿರಿಯುತ್ತದೆ.

ಮೇಲಿನ ಲೇಪ

ಗಾರೆಯ ಮೇಲೆ ಇನ್ನೊಂದು ಲೇಪ ಇದ್ದರೆ ಪೊರೆ ಕಚ್ಚಿಕೊಳ್ಳುವುದು ಕಡಿಮೆ, ಉಜ್ಜಿದರೆ ಬೇಗ ಬಿಡುತ್ತದೆ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ, ಜನ ತಪ್ಪುವುದು ಇಲ್ಲೇ. ಪುಡಿ ಮತ್ತು ಹಾಲಿನಂಥ ದ್ರವ ಎರಡೂ ಬೆರೆಸಿ ಬಳಿಯುವ ಅಕ್ರಿಲಿಕ್ ಸಿಮೆಂಟ್ ಲೇಪಕ್ಕೆ ಗೋಡೆ ತೇವವಾಗಿರಬೇಕು. ಎಪಾಕ್ಸಿಗೆ ಗೋಡೆ ಪೂರ್ತಿ ಒಣಗಿರಬೇಕು. ಒದ್ದೆ ಗೋಡೆಗೆ ಎಪಾಕ್ಸಿ ಬಳಿದರೆ ಗುಳ್ಳೆ ಎದ್ದು ಸಿಪ್ಪೆಯಾಗುತ್ತದೆ. ಒಣಗೋಡೆಗೆ ಅಕ್ರಿಲಿಕ್ ಸಿಮೆಂಟ್ ಬಳಿದರೆ ಗೋಡೆ ಅದರ ನೀರನ್ನು ಹೀರಿ ಪುಡಿ ಉದುರುತ್ತದೆ. ಗೋಡೆ ಒಣಗಿದೆಯೇ ಎಂದು ತಿಳಿಯಲು ಒಂದು ಚದರಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಹನಿಗಟ್ಟಿದ್ದರೆ ಇನ್ನೂ ಕಾಯಬೇಕು.

ತಣ್ಣೀರಿನ ತೊಟ್ಟಿಗೆ ಅಕ್ರಿಲಿಕ್ ಸಿಮೆಂಟ್ ಲೇಪವೇ ಸಾಕೆಂದು ನನ್ನ ಅಭಿಪ್ರಾಯ. ಬೆಲೆಯೂ ಕಡಿಮೆ, ಮನೆಯವರೇ ಬಳಿಯಬಹುದು. ಒಂದು ಕೈ ಅಡ್ಡಕ್ಕೆ, ಅದು ಆರಿದ ಮೇಲೆ ಇನ್ನೊಂದು ಕೈ ಉದ್ದಕ್ಕೆ. ಕಾಯಿಸಿದ ನೀರು ನಿಲ್ಲುವ ತೊಟ್ಟಿಗೆ ಎಪಾಕ್ಸಿ ಒಳ್ಳೆಯದು, ಆದರೆ ಡಬ್ಬಿಯ ಮೇಲೆ ಬಿಸಿ ನೀರು ತಡೆಯುತ್ತದೆ ಎಂದು ಬರೆದಿರುವುದನ್ನೇ ಕೊಳ್ಳಿ. ಬಾಗಿಲು ಕಿಟಕಿಗೆ ಹೊಡೆಯುವ ಇನಾಮಲ್ ಪೇಂಟನ್ನು ತೊಟ್ಟಿಗೆ ಬಳಿದರೆ ನೀರಿನಲ್ಲಿ ನಿಲ್ಲುವುದಿಲ್ಲ, ಸುಲಿದು ಏಳುತ್ತದೆ. ಲೇಪ ಯಾವುದೇ ಆಗಲಿ, ಒಂದು ವಾರ ಒಣಗಲು ಬಿಡಿ.

ಕಲ್ಲು ಚಪ್ಪಡಿ ತೊಟ್ಟಿಗೆ ಇಷ್ಟೆಲ್ಲ ಬೇಡ. ಕೆಡುವುದು ಸಂದು ಮಾತ್ರ. ಹಳೆಯ ಸಿಮೆಂಟನ್ನು ಅರ್ಧ ಅಂಗುಲ ಆಳಕ್ಕೆ ಕೆರೆದು ತೆಗೆದು, ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿ. ಸಣ್ಣ ಸೋರಿಕೆಗೆ ಎಂ-ಸೀಲ್ ಮೆತ್ತುವುದು ವಾಡಿಕೆ. ಒಣ ಜಾಗಕ್ಕೆ ಒಳಗಿನಿಂದ ಹಾಕಿದರೆ ನಿಲ್ಲುತ್ತದೆ, ಹೊರಗಿನಿಂದ ಹಾಕಿದ್ದು ನೀರಿನ ಒತ್ತಡಕ್ಕೆ ಬಿಡುತ್ತದೆ.

ಸ್ನಾನದ ಟಬ್ ಇರುವವರಿಗೆ

ಊರಿಗೆ ಮರಳಿ ಮನೆ ಕಟ್ಟಿಸಿದವರು, ಬೆಂಗಳೂರಿನಲ್ಲಿ ಹಳೆಯ ಮನೆ ಕೆಡವಿದಾಗ ಸಿಕ್ಕ ಟಬ್ ತಂದವರು ಈ ತಾಲ್ಲೂಕುಗಳಲ್ಲೂ ಇದ್ದಾರೆ. ಒಂದು ಟಬ್ ತುಂಬಲು 150ರಿಂದ 250 ಲೀಟರ್ ನೀರು ಬೇಕು. ಜಲಜೀವನ್ ಮಿಷನ್ನಿನಲ್ಲಿ ಒಬ್ಬರಿಗೆ ದಿನಕ್ಕೆ ಲೆಕ್ಕ ಹಾಕಿರುವುದು 55 ಲೀಟರ್. ನಮ್ಮ ನೆಲದಲ್ಲಿ ಅದರಲ್ಲಿ ಕುಳಿತು ಮುಳುಗುವುದಕ್ಕಿಂತ ನೀರು ಹಿಡಿದಿಡುವ ತೊಟ್ಟಿಯಾಗಿ ಬಳಸುವುದು ಮೇಲು. ಹೇಗೆ ಬಳಸಿದರೂ ಮೈ ಮಾಸಿದ ಟಬ್ಬಿಗೆ ಹೊಸ ಲೇಪ ಕೊಡಬಹುದು.

ಅಯಸ್ಕಾಂತ ಅಂಟಿದರೆ ಅದು ಕಬ್ಬಿಣದ ಮೇಲೆ ಪಿಂಗಾಣಿ ಲೇಪದ್ದು, ಅಂಟದಿದ್ದರೆ ಫೈಬರ್ ಅಥವಾ ಅಕ್ರಿಲಿಕ್. ಹಳೆಯ ಪಿಂಗಾಣಿ ಲೇಪದಲ್ಲಿ ಸೀಸ ಇರುವ ಸಾಧ್ಯತೆ ಇದೆ, ಆದ್ದರಿಂದ ಒಣಗಿದ್ದಾಗ ಉಜ್ಜಬಾರದು. ಅಂಚಿನ ಸಿಲಿಕಾನ್ ಕಿತ್ತು, ವಾಷಿಂಗ್ ಸೋಡಾದಲ್ಲಿ ಜಿಡ್ಡು ತೆಗೆದು, 400 ನಂಬರಿನ ನೀರುಕಾಗದದಿಂದ ಒದ್ದೆ ಮಾಡಿಕೊಂಡೇ ಹೊಳಪು ಪೂರ್ತಿ ಹೋಗುವ ತನಕ ಉಜ್ಜಿ. ಹೊಳಪು ಉಳಿದ ಕಡೆ ಹೊಸ ಲೇಪ ಹಿಡಿಯುವುದಿಲ್ಲ. ಗುಳಿಗಳಿಗೆ ಎಪಾಕ್ಸಿ ಪುಟ್ಟಿ ತುಂಬಿ, ಸಮ ಮಾಡಿ, ತೊಳೆದು, ಒಂದು ದಿನ ಒಣಗಿಸಿ. ಟಬ್ಬಿಗೆಂದೇ ಬರುವ ಎರಡು ಡಬ್ಬಿಯ ಎಪಾಕ್ಸಿ ಅಥವಾ ಪಾಲಿಯುರೆಥೇನ್ ಲೇಪವನ್ನು ಸ್ಪಂಜಿನ ರೋಲರಿನಲ್ಲಿ ತೆಳುವಾಗಿ ಎರಡು ಸಲ ಎಳೆಯಿರಿ. ದಪ್ಪಗೆ ಒಂದೇ ಸಲ ಬಳಿದರೆ ಇಳಿಯುತ್ತದೆ. ಡಬ್ಬಿ ಹೇಳುವಷ್ಟು ದಿನ ಹನಿ ನೀರೂ ಬೀಳಬಾರದು.

ಹಳೆಯ ಲೇಪ ಕೀಳಲು ಪೇಂಟ್ ರಿಮೂವರ್ ತರುವವರು ಡಬ್ಬಿಯ ಹಿಂಭಾಗ ಓದಲೇಬೇಕು. ಅದರಲ್ಲಿ ಮಿಥಿಲೀನ್ ಕ್ಲೋರೈಡ್ ಇದ್ದರೆ ಬಚ್ಚಲಿಗೆ ತರಬೇಡಿ. ಡೈಕ್ಲೋರೊಮೀಥೇನ್ ಎಂಬುದೂ ಅದರದೇ ಹೆಸರು. ಅದರ ಆವಿ ಗಾಳಿಗಿಂತ ಭಾರ. ಟಬ್ಬಿನ ಒಳಗೆ ತುಂಬಿ ನಿಲ್ಲುತ್ತದೆ, ಬಾಗಿ ಕೆಲಸ ಮಾಡುವವರ ಮುಖ ಅದರಲ್ಲೇ ಇರುತ್ತದೆ. ಅಮೆರಿಕದಲ್ಲಿ 2000ದಿಂದ 2011ರ ನಡುವೆ ಟಬ್ಬಿಗೆ ಹೊಸ ಲೇಪ ಕೊಡುವ 13 ಕೆಲಸಗಾರರು ಹೀಗೆ ಬಚ್ಚಲಿನಲ್ಲೇ ಪ್ರಾಣ ಬಿಟ್ಟರೆಂದು ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ 2012ರಲ್ಲಿ ವರದಿ ಮಾಡಿತು. 2019ರಲ್ಲಿ ಆ ದೇಶ ಇಂಥ ರಿಮೂವರನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನೇ ನಿಷೇಧಿಸಿತು. ಎಪಾಕ್ಸಿ ಬಳಿಯುವಾಗಲೂ ಬಾಗಿಲು ತೆರೆದಿರಲಿ, ಫ್ಯಾನ್ ಗಾಳಿ ಹೊರಕ್ಕೆ ಹೋಗುವಂತಿರಲಿ, ಹೊರಗೆ ಒಬ್ಬರು ಕಾದಿರಲಿ. ಒಲೆ ಉರಿಯುವ ಬಚ್ಚಲಾದರೆ ಬೆಂಕಿ ಪೂರ್ತಿ ಆರಿಸಿ.

ಕೆಲಸ ಮುಗಿದ ಮೇಲೆ

ಹೊಸ ಗಾರೆಯಿಂದ ನೀರಿಗೆ ಸುಣ್ಣ ಬಿಡುತ್ತದೆ, ಮೈ ಉರಿಯಬಹುದು. ಎರಡು ಮೂರು ಸಲ ತುಂಬಿಸಿ ಚೆಲ್ಲಿದ ಮೇಲೆಯೇ ಸ್ನಾನಕ್ಕೆ ಬಳಸಿ. ಆ ನೀರನ್ನು ದನಗಳಿಗೆ ಇಡಬೇಡಿ. ನೀರಿನ ಘಟಕದ ಹೊರಗೆ ಹರಿದು ಹೋಗುವ ನೀರು ಪುಕ್ಕಟೆ ಸಿಗುತ್ತದೆಂದು ತಂದು ತೊಟ್ಟಿ ತುಂಬುವುದನ್ನೂ ಬಿಡಿ. ಶುದ್ಧ ನೀರಿನಿಂದ ಬೇರ್ಪಟ್ಟ ಲವಣವೆಲ್ಲ ಅದರಲ್ಲೇ ಇರುತ್ತದೆ. ಮಳೆ ನೀರು ಇದಕ್ಕೆ ನೇರ ವಿರುದ್ಧ, ಗಡಸುತನ ಇಲ್ಲವೇ ಇಲ್ಲ ಎನ್ನಬಹುದು. ನೂರು ಚದರ ಮೀಟರಿನ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್. ಸೋರಿ ಹೋದದ್ದು ಕಳೆದರೂ ನಾಲ್ಕೈದು ತೊಟ್ಟಿ ನೀರು ಉಳಿಯುತ್ತದೆ. ಜಯಮಂಗಲಿ ಹರಿಯುವ ಕೊರಟಗೆರೆಯವರಿಗೂ ಹೇಮಾವತಿ ನೀರು ಕಂಡ ಶಿರಾದವರಿಗೂ ಆಗೊಮ್ಮೆ ಈಗೊಮ್ಮೆ ಮೆದು ನೀರು ಸಿಗುತ್ತದೆ. ಕೊಳವೆ ಬಾವಿಯನ್ನೇ ನಂಬಿದವರಿಗೆ ತಾರಸಿಯೇ ಗತಿ.

ತೊಟ್ಟಿಯ ನೀರು ಕಾಯಿಸಲು ಹೀಟರ್ ರಾಡ್ ಇಳಿಬಿಡುವವರು ಇದ್ದಾರೆ. ದಯವಿಟ್ಟು ಬೇಡ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಾಯಿಸಿ, ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆ ನೀರು ಮುಟ್ಟಿ.

ಇನ್ನು ಶುಚಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕೆ ತುಸು ಮೇಲೆ, ತೊಟ್ಟಿಯ ಗೋಡೆಗೆ. ನೀರು ಚೆಲ್ಲಿದರೂ ಆ ಮೊಟ್ಟೆಗಳು ಒಣಗಿದ ಗೋಡೆಯಲ್ಲಿ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಒರಟು ಗೋಡೆಯಲ್ಲಿ ಅವು ಕಣ್ಣಿಗೂ ಕಾಣವು, ಬ್ರಷ್ಷಿಗೂ ಸಿಗವು. ನುಣುಪಾದ ಗೋಡೆಯನ್ನು ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ನಾರಿನಿಂದ ಉಜ್ಜಿದರೆ ಮೊಟ್ಟೆಯೂ ಹೋಗುತ್ತದೆ, ಹೊಸದಾಗಿ ಕಟ್ಟಿದ ಪೊರೆಯೂ ಹೋಗುತ್ತದೆ. ಮೇಲೊಂದು ಬಿಗಿಯಾದ ಮುಚ್ಚಳ ಮಾಡಿಸಿ.

ಕೆಲಸ ಶುರು ಮಾಡುವ ಮುನ್ನ ಒಂದು ಬಾಟಲಿ ನೀರನ್ನು ನಿಮ್ಮ ಗ್ರಾಮ ಪಂಚಾಯಿತಿಗೆ ಕೊಂಡುಹೋಗಿ, ನೀರು ಪರೀಕ್ಷಿಸುವ ಕಿಟ್‌ನಲ್ಲಿ ಗಡಸುತನವನ್ನೂ ಫ್ಲೋರೈಡನ್ನೂ ನೋಡಿಕೊಡಿ ಎಂದು ಕೇಳಿ. ಬಂದ ಅಂಕಿಯನ್ನು ಬಚ್ಚಲ ಬಾಗಿಲ ಹಿಂದೆ ಬರೆದಿಡಿ. ತೊಟ್ಟಿಗೆ ಎಷ್ಟು ದಿನಕ್ಕೊಮ್ಮೆ ನಿಂಬೆ ಉಪ್ಪಿನ ಕೆಲಸ ಬೇಕು, ಯಾವ ನೀರನ್ನು ಕುಡಿಯಬಾರದು ಎರಡೂ ಅದರಿಂದಲೇ ತೀರ್ಮಾನವಾಗುತ್ತದೆ.